ಹಾವಿಗೆ ಎಂಟಡಿ ಮನೆ

ಬಿಜೈಯ ನಮ್ಮ ಮನೆಯ ಹೊರಗಿನ ಕೋಣೆಯಲ್ಲಿ ಈಗ ಎರಡು ಹಾವುಗಳುಂಟು. ಹೆದರಬೇಡಿ, ಬೀಗ ಹಾಕಿದೆ. ಈ ವಿಷಯ ಯಾರಿಗೆ ಹೇಳಿದರೂ ಮೊದಲ ಪ್ರಶ್ನೆ "ಕಚ್ಚುದಿಲ್ವಾ?", ಎರಡನೆಯದು "ಅಮ್ಮ ಹೇಗೆ ಒಪ್ಪಿದ್ರು?". ಅವುಗಳನ್ನು ಇಟ್ಟಿರುವ ಪೆಟ್ಟಿಗೆಯನ್ನು ಹೇಗೆ ಕಟ್ಟಿದಿರಿ ಅಂತ ಇಷ್ಟರವರೆಗೆ ಒಬ್ಬರೂ ಕೇಳಿಲ್ಲ. ನಾಲ್ಕು ತಿಂಗಳ ಶನಿವಾರ, ಭಾನುವಾರಗಳನ್ನೆಲ್ಲ ನುಂಗಿ ನೀರು ಕುಡಿದದ್ದು ಆ ಪೆಟ್ಟಿಗೆ ಮಾರಾಯ್ರೇ. ಹಾಗಾಗಿ ಯಾರೂ ಕೇಳದಿದ್ದರೂ ನಾನೇ ಹೇಳಿಬಿಡುತ್ತೇನೆ :)

ಹಾವುಗಳು ನನ್ನವಲ್ಲ. ದೊಡ್ಡಮ್ಮನ ಮಗಳು, ಅಂದರೆ ನನ್ನ ಅಕ್ಕ, ಬೆಂಗಳೂರಿನ ಫ್ಲ್ಯಾಟಿನಲ್ಲಿ ಸಾಕಿದ್ದವು. ಬೋವಾ ಕನ್‌ಸ್ಟ್ರಿಕ್ಟರ್ ಅಂತ ಜಾತಿ, ಮೂಲ ಊರು ಮಧ್ಯ ಮತ್ತು ದಕ್ಷಿಣ ಅಮೆರಿಕ. ನಮ್ಮ ಹೆಬ್ಬಾವಿನ ಹಾಗೆಯೇ ವಿಷ ಇಲ್ಲ, ಬೇಟೆಯನ್ನು ಸುತ್ತಿ ಬಿಗಿದು ಕೊಲ್ಲುವ ಬಗೆ. ವ್ಯತ್ಯಾಸ ಏನೆಂದರೆ ಹೆಬ್ಬಾವು ಮೊಟ್ಟೆ ಇಡುತ್ತದೆ, ಇದು ಮರಿ ಹಾಕುತ್ತದೆ. ಹೆಣ್ಣಿಗೆ ಆಗ ಒಂಬತ್ತು ವರ್ಷ, ಏಳಡಿ ಉದ್ದ, ಎಂಟು ಕಿಲೋ ತೂಕ. ಗಂಡು ಐದಡಿಯ ಸಪೂರ ಆಸಾಮಿ. ಅಕ್ಕನಿಗೆ ಹೊರದೇಶದಲ್ಲಿ ಪಿಎಚ್‌ಡಿಗೆ ಸೀಟು ಸಿಕ್ಕಿ 2025ರ ಜನವರಿಯಲ್ಲಿ ಹೊರಡುವುದು ಅಂತಾಯಿತು. ಹಾವುಗಳನ್ನು ಕಟ್ಟಿಕೊಂಡು ಹೋಗುವುದೆಂದರೆ ಎರಡೂ ದೇಶಗಳ ಪರವಾನಗಿ, ವಿಮಾನ, ಚಳಿಗಾಲ. "ನಿಮ್ಮದು ಸ್ವಂತ ಮನೆ, ಜಾಗ ಉಂಟು, ನೀನು ಮನೆಯಿಂದಲೇ ಕೆಲಸ ಮಾಡುವವ" ಅಂತ ಫೋನಿನಲ್ಲಿ ಸುರು ಮಾಡಿದಳು. ಮುಂದಿನದ್ದು ನನಗೆ ಗೊತ್ತಾಯಿತು.

ಕಾನೂನಿನ ಮಾತು ಮೊದಲೇ ಮುಗಿಸುತ್ತೇನೆ, ಇಲ್ಲದಿದ್ದರೆ ನಿಮ್ಮಲ್ಲಿ ಯಾರಾದರೂ ಅರಣ್ಯ ಇಲಾಖೆಗೆ ಫೋನ್ ಮಾಡಿಯಾರು. ನಮ್ಮ ಊರಿನ ಹೆಬ್ಬಾವನ್ನು ಮನೆಯಲ್ಲಿ ಇಟ್ಟುಕೊಳ್ಳುವ ಮಾತೇ ಇಲ್ಲ. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿ ಅದು ಉಂಟು, ಸಿಕ್ಕಿಬಿದ್ದರೆ 3ರಿಂದ 7 ವರ್ಷ ಜೈಲು. ಹೊರದೇಶದ ಪ್ರಾಣಿಗಳ ವಿಷಯದಲ್ಲಿ ಮಾತ್ರ ಬಹಳ ಕಾಲ ಸ್ಪಷ್ಟ ನಿಯಮ ಇರಲಿಲ್ಲ. 2020ರ ಜೂನ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯ, ಇಂಥ ಪ್ರಾಣಿ ಇಟ್ಟುಕೊಂಡವರು ಆರು ತಿಂಗಳೊಳಗೆ ತಾವಾಗಿಯೇ ಪರಿವೇಶ್ ಪೋರ್ಟಲ್‌ನಲ್ಲಿ ತಿಳಿಸಿ ಅಂತ ಹೇಳಿತು. ಅಕ್ಕ ಆಗಲೇ ತಿಳಿಸಿದ್ದಳು. 2022ರಲ್ಲಿ ಕಾಯ್ದೆಗೆ ತಿದ್ದುಪಡಿ ಆಯಿತು, 2023ರ ಏಪ್ರಿಲ್ 1ರಿಂದ ಜಾರಿಗೆ ಬಂತು. 2024ರ ಫೆಬ್ರವರಿ ಕೊನೆಗೆ ನೋಂದಣಿಯ ನಿಯಮಗಳೂ ಬಂದವು. ಪ್ರಾಣಿ ಕೈ ಬದಲಾದರೆ, ಮರಿ ಹಾಕಿದರೆ, ಸತ್ತರೆ ಎಲ್ಲವನ್ನೂ ವರದಿ ಮಾಡಬೇಕು. ಎರಡು ಹಾವಿಗೆ ಎರಡು ಪೆಟ್ಟಿಗೆ ಬೇಕು ಅಂತ ಅಕ್ಕ ಪಟ್ಟು ಹಿಡಿದದ್ದಕ್ಕೆ ಇದೂ ಒಂದು ಕಾರಣ. ಒಟ್ಟಿಗೆ ಇಟ್ಟರೆ ಒಂದಕ್ಕೊಂದು ಕಿರಿಕಿರಿ ಆಗುವುದು ಒಂದು ಕಡೆ, ಬೋವಾ ಒಂದು ಬಸಿರಿಗೆ ಇಪ್ಪತ್ತು ಮೂವತ್ತು ಮರಿ ಹಾಕುತ್ತದೆ ಅನ್ನುವುದು ಇನ್ನೊಂದು ಕಡೆ. ಮೂವತ್ತು ಅರ್ಜಿ ತುಂಬುವ ತಾಳ್ಮೆ ನನಗಿಲ್ಲ!

ಇನ್ನು ಅಮ್ಮ. ನಮ್ಮ ಮನೆಮಾತು ತುಳು, ಇಲ್ಲಿ ಕನ್ನಡಕ್ಕೆ ತಂದು ಬರೆಯುತ್ತಿದ್ದೇನೆ. ಅಮ್ಮನ ಮೊದಲ ಪ್ರಶ್ನೆ, "ಅದು ನಾಗನಾ?"

ಈ ಪ್ರಶ್ನೆಯ ತೂಕ ತುಳುನಾಡಿನವರಿಗೆ ಗೊತ್ತು. ಸತ್ತ ನಾಗರಹಾವು ಕಂಡರೆ ಮನುಷ್ಯರಿಗೆ ಮಾಡಿದ ಹಾಗೆ ಸಂಸ್ಕಾರ ಮಾಡುವ ಊರು ನಮ್ಮದು. ಅಂಥಲ್ಲಿ ಹಾವನ್ನು ಪೆಟ್ಟಿಗೆಯಲ್ಲಿ ಹಾಕಿ ಬೀಗ ಜಡಿಯುವುದೆಂದರೆ ಅಮ್ಮನಿಗೆ ಅದು ಪ್ರಾಣಿ ಸಾಕುವ ಸಂಗತಿ ಅಲ್ಲವೇ ಅಲ್ಲ. ಮೂರು ತಲೆಮಾರಿಗೆ ಬರುವ ದೋಷದ ಸಂಗತಿ.

"ನಾಗ ಅಲ್ಲಮ್ಮ. ಪೆರ್ಮರಿಯ ಹಾಗಿನದ್ದು, ಅದೂ ಅಮೆರಿಕದ್ದು" ಅಂದೆ. ಪೆರ್ಮರಿ ಅಂದರೆ ತುಳುವಿನಲ್ಲಿ ಹೆಬ್ಬಾವು. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಷ್ಟು ವರ್ಷ ಬದುಕ್ತದೆ?" ಅಂತ ಕೇಳಿದರು. ಚೆನ್ನಾಗಿ ನೋಡಿಕೊಂಡರೆ ಇಪ್ಪತ್ತೈದು, ಮೂವತ್ತು ವರ್ಷ ಅಂದೆ. "ಅಂದ್ರೆ ನಿನ್ನ ಮಗು ಕಾಲೇಜಿಗೆ ಹೋಗುವವರೆಗೆ. ಮೊದಲು ಈ ಮನೆಗೆ ಬರುವ ಹುಡುಗಿಯನ್ನು ಹುಡುಕಿಕೋ" ಅಂತ ಹೇಳಿ ಅಡುಗೆಮನೆಗೆ ಹೋದರು. ಒಪ್ಪಿಗೆಯೂ ಅಲ್ಲ, ನಿರಾಕರಣೆಯೂ ಅಲ್ಲ. ಎರಡು ದಿನ ಬಿಟ್ಟು ಬಂದ ಮಾತು ಹೀಗಿತ್ತು: "ತರುವುದಾದರೆ ತಾ. ಆದರೆ ಅದನ್ನು ಡಬ್ಬಿಯಲ್ಲಿ ತುಂಬಿಸಿಡುವುದು ನನಗೆ ನೋಡ್ಲಿಕ್ಕಾಗುದಿಲ್ಲ. ಇಡುವುದಾದರೆ ಸರಿಯಾಗಿ ಇಡು."

ಡಬ್ಬಿ ಅಂದದ್ದು ಸುಮ್ಮನೆ ಅಲ್ಲ. ಅಕ್ಕ ಕಳಿಸಿದ್ದ ಫೋಟೋ ಅಮ್ಮ ನೋಡಿದ್ದರು. ಬೆಂಗಳೂರಿನ ಬಾಡಿಗೆ ಫ್ಲ್ಯಾಟಿನಲ್ಲಿ ಜಾಗ ಇಲ್ಲದೆ ಹಾವುಗಳು ಪ್ಲಾಸ್ಟಿಕ್ ಟಬ್‌ಗಳಲ್ಲಿ ಇದ್ದವು. ಕಪಾಟಿನ ಡ್ರಾಯರಿನ ಹಾಗೆ ಎಳೆದು ತೆರೆಯುವಂಥವು. ಜಗತ್ತಿನಲ್ಲಿ ಸಾವಿರಾರು ಜನ ಹೀಗೆಯೇ ಸಾಕುತ್ತಾರೆ. ಶುಚಿ ಮಾಡಲು ಸುಲಭ, ಬಿಸಿ ಮಾಡಲು ಸುಲಭ. ಹಾವು ಸುರುಳಿ ಸುತ್ತಿ ಮಲಗುವ ಪ್ರಾಣಿ, ಅದಕ್ಕೆ ಜಾಗ ಯಾಕೆ, ದೊಡ್ಡ ಜಾಗ ಕೊಟ್ಟರೆ ಹೆದರುತ್ತದೆ ಅನ್ನುವುದು ಅವರ ವಾದ. ಹಳೆಯ ಪುಸ್ತಕಗಳಲ್ಲೂ ಹಾವಿನ ಉದ್ದಕ್ಕಿಂತ ಪೆಟ್ಟಿಗೆ ಸಾಕಷ್ಟು ಗಿಡ್ಡ ಇದ್ದರೂ ನಡೆಯುತ್ತದೆ ಎಂಬ ಲೆಕ್ಕಗಳೇ ಸಿಗುತ್ತವೆ.

ಹುಡುಕುತ್ತಾ ಹೋದಾಗ 2019ರಲ್ಲಿ ಕ್ಲಿಫರ್ಡ್ ವಾರ್ವಿಕ್ ಮತ್ತು ಸಂಗಡಿಗರು ಪ್ರಕಟಿಸಿದ ಒಂದು ಅಧ್ಯಯನ ಸಿಕ್ಕಿತು. ಅವರು ಮಾಡಿದ್ದು ಬಹಳ ಸರಳ ಕೆಲಸ. 65 ಹಾವುಗಳನ್ನು ಒಂದೊಂದು ಗಂಟೆ ಗಮನಿಸಿದರು. ಅವುಗಳಲ್ಲಿ 24 ಹಾವುಗಳು ಆ ಒಂದು ಗಂಟೆಯೊಳಗೇ ನೇರವಾಗಿ, ಅಥವಾ ಹೆಚ್ಚುಕಡಿಮೆ ನೇರವಾಗಿ ಮೈಚಾಚಿದವು. ಅಂದರೆ ಹಾವಿಗೆ ಉದ್ದ ಬೇಡ ಅನ್ನುವ ಮಾತು ಹಾವನ್ನು ಕೇಳಿ ಹೇಳಿದ್ದಲ್ಲ. ಉದ್ದ ಇಲ್ಲದ ಡಬ್ಬಿಯಲ್ಲಿ ಇಟ್ಟು, ಅದು ಮೈಚಾಚದೇ ಇದ್ದದ್ದನ್ನು ನೋಡಿ ಹೇಳಿದ್ದು! ಹೊಸ ತಿಳಿವಳಿಕೆ ಏನೆಂದರೆ ಪೆಟ್ಟಿಗೆಯ ಒಂದು ಬದಿಯಾದರೂ ಹಾವಿನ ಪೂರ್ತಿ ಉದ್ದಕ್ಕಿಂತ ಕಡಿಮೆ ಇರಬಾರದು. ಏಳಡಿ ಹಾವಿಗೆ ಎಂಟಡಿ ಅಂತ ಅಲ್ಲಿಗೇ ನಿರ್ಧಾರವಾಯಿತು. ಅಪ್ಪ ಇದ್ದಾಗ ಅವರ ಲೆಕ್ಕಪತ್ರ ಇಡುತ್ತಿದ್ದ ಹೊರಕೋಣೆ ಖಾಲಿ ಮಾಡಬೇಕಾಯಿತು. ಅಪ್ಪನ ಮೇಜು ಹೊರಗೆ ಹೋದ ದಿನ ಅಮ್ಮ ಏನೂ ಹೇಳಲಿಲ್ಲ, ಒರೆಸಿ ಚಾವಡಿಯಲ್ಲಿ ಇಡಿಸಿದರು ಅಷ್ಟೆ.

ನಮ್ಮ ಓಣಿಯ ತುದಿಯಲ್ಲಿರುವ ಆಚಾರ್ರಿಗೆ ಚಿತ್ರ ತೋರಿಸಿದೆ. ಕಂಪ್ಯೂಟರಿನಲ್ಲಿ ಮೂರು ಆಯಾಮದಲ್ಲಿ ಬಿಡಿಸಿ, ತಿರುಗಿಸಿ ಎಲ್ಲ ತೋರಿಸಿದರೆ ಅವರು ನೋಡಿದ್ದು ಅಳತೆ ಮಾತ್ರ. "ಎಂತ ಇದು? ಶೋಕೇಸಾ?"

"ಹಾವಿಗೆ."

ಅವರು ಕನ್ನಡಕ ತೆಗೆದು ನನ್ನನ್ನೊಮ್ಮೆ ನೋಡಿದರು. ಆಮೇಲೆ ಕೇಳಿದ ಪ್ರಶ್ನೆ ನನಗೆ ಬಹಳ ಇಷ್ಟವಾಯಿತು. "ಅದು ಒಳಗಿಂದ ದೂಡ್ತದಾ, ಎಳೀತದಾ?" ದೂಡುತ್ತದೆ ಅಂದೆ. ಹಾವು ರಾತ್ರಿಯಿಡೀ ಸಂದಿ ಹುಡುಕುತ್ತದೆ, ಮೂಗು ತೂರುವಷ್ಟು ಸಿಕ್ಕರೆ ಮೈಯ ಬಲ ಎಲ್ಲ ಹಾಕಿ ದೂಡುತ್ತದೆ. "ಹಾಗಾದ್ರೆ ಬಿಜಾಗರಿ ಬೇಡ. ಗಾಜು ಅಡ್ಡಕ್ಕೆ ಜಾರುವ ಹಾಗೆ ಮಾಡುವ" ಅಂದರು. ಒಂದೇ ಪ್ರಶ್ನೆಯಲ್ಲಿ ಬಾಗಿಲು ಮುಗಿಯಿತು. ನಮ್ಮ ಆಫೀಸಿನಲ್ಲಿ ಇದಕ್ಕೆ ಮೂರು ಮೀಟಿಂಗ್ ಬೇಕಿತ್ತು.

ನಮ್ಮಿಬ್ಬರ ಜಗಳ ಆದದ್ದು ಅಗಲದ ಮೇಲೆ. ಪ್ಲೈವುಡ್ ಬರುವುದು ಎಂಟಡಿ ಉದ್ದ, ನಾಲ್ಕಡಿ ಅಗಲದ ಶೀಟಿನಲ್ಲಿ. ಪೆಟ್ಟಿಗೆ ಎರಡಡಿ ಅಗಲ, ಎರಡಡಿ ಎತ್ತರ ಇದ್ದರೆ ಒಂದು ಶೀಟನ್ನು ಉದ್ದಕ್ಕೆ ಸೀಳಿದಲ್ಲಿ ತಳವೂ ಮಾಡೂ ಸಿಗುತ್ತದೆ. ಇನ್ನೊಂದು ಶೀಟಿನಲ್ಲಿ ಹಿಂಬದಿ ಮತ್ತು ಎರಡು ಪಕ್ಕೆಗಳು. ಒಟ್ಟು ಎರಡೇ ಶೀಟು. ನಾನು ಕೇಳಿದ್ದು ಎರಡೂವರೆ ಅಡಿ. ಆಗ ತಳಕ್ಕೊಂದು, ಮಾಡಿಗೊಂದು, ಹಿಂಬದಿಗೊಂದು, ಪಕ್ಕೆಗಳಿಗೊಂದು, ಒಟ್ಟು ನಾಲ್ಕು ಶೀಟು. "ಅರ್ಧ ಅಡಿಗೆ ಎರಡು ಶೀಟು ಹೆಚ್ಚು ಮಾರಾಯ್ರೇ! ಹಾವಿಗೆ ಗೊತ್ತಾಗ್ತದಾ?" ಐ.ಎಸ್. 710 ಗುರುತಿನ 18 ಮಿ.ಮೀ. ಮರೈನ್ ಪ್ಲೈ, ಬೆಲೆ ಕಡಿಮೆ ಏನಲ್ಲ. ಆದರೆ ನೆಲದ ಲೆಕ್ಕ ನೋಡಿ, 16 ಚದರಡಿ ಹೋಗಿ 20 ಚದರಡಿ ಆಗುತ್ತದೆ. ಎರಡಡಿ ಅಗಲದಲ್ಲಿ ನೀರಿನ ಟಬ್ ಇಟ್ಟರೆ ಪಕ್ಕದಲ್ಲಿ ಎಂಟು ಕಿಲೋದ ಹಾವಿಗೆ ತಿರುಗಲು ಜಾಗ ಉಳಿಯುವುದಿಲ್ಲ. ಕೊನೆಗೆ ಆಚಾರ್ರು ಉಳಿದ 18 ಇಂಚಿನ ಪಟ್ಟಿಗಳನ್ನು ಒಂದೂ ಬಿಡದೆ ಬಳಸಿಕೊಂಡರು. ಹಾವು ಹತ್ತಿ ಮಲಗುವ ಅಟ್ಟ, ಅಡಗುವ ಎರಡು ಗೂಡು, ಗಾಜಿನ ಕೆಳಗೆ ತಡೆಹಲಗೆ ಎಲ್ಲ ಆ ಪಟ್ಟಿಗಳೇ. ಮೇಲಿನ ಅಂತಸ್ತಿನಲ್ಲಿ ಗಂಡಿಗೆ ಆರಡಿ ಉದ್ದದ ಪೆಟ್ಟಿಗೆ. ಚೌಕಟ್ಟಿಗೆ ಹೆಬ್ಬಲಸು. ಒಂದೊಂದು ಪ್ಲೈ ಶೀಟೇ ಮೂವತ್ತೈದು ಕಿಲೋ ಮೀರುವುದರಿಂದ ಎಲ್ಲವನ್ನೂ ಬಿಡಿಬಿಡಿಯಾಗಿ ಮಾಡಿ, ಕೋಣೆಯ ಒಳಗೆ ತಂದು ಬೋಲ್ಟ್ ಹಾಕಿ ಜೋಡಿಸಿದೆವು.

ಬಣ್ಣದ ವಿಷಯದಲ್ಲಿ ಮಳೆ ಕೈಕೊಟ್ಟಿತು. ಹಾವಿಗೆ ಗಾಳಿಯಲ್ಲಿರುವ ವಾರ್ನಿಶ್ ವಾಸನೆ ವಿಷ ಇದ್ದ ಹಾಗೆ, ಪೂರ್ತಿ ಒಣಗಿ ವಾಸನೆ ಹೋಗುವವರೆಗೆ ಒಳಗೆ ಬಿಡುವಂತಿಲ್ಲ. ನೀರಿನಲ್ಲಿ ಕಲಸುವ ಪಾಲಿಯುರೆಥೇನನ್ನೇ ತಂದಿದ್ದೆ. ಆದರೆ ಸೆಪ್ಟೆಂಬರಿನ ಮಂಗಳೂರಿನಲ್ಲಿ ಬಟ್ಟೆಯೇ ಒಣಗುವುದಿಲ್ಲ, ಇನ್ನು ಬಣ್ಣ ಎಲ್ಲಿಂದ! ಆಚಾರ್ರು "ದೀಪಾವಳಿ ಕಳೀಲಿ" ಅಂತ ಬ್ರಶ್ಶು ತೊಳೆದಿಟ್ಟರು. ಸಂದಿಗಳಿಗೆ ಹಾಕಿದ ಸಿಲಿಕೋನ್ ವಿನೆಗರ್ ವಾಸನೆ ಬಿಡುತ್ತಾ ಇನ್ನೂ ಮೂರು ವಾರ ತೆಗೆದುಕೊಂಡಿತು. ದಿನಾ ಬೆಳಿಗ್ಗೆ ಪೆಟ್ಟಿಗೆಯೊಳಗೆ ತಲೆ ತೂರಿಸಿ ಮೂಸುವುದು ನನ್ನ ನಿತ್ಯಕರ್ಮ ಆಗಿಹೋಗಿತ್ತು.

ಈಗ ನನಗೆ ಎಲ್ಲಕ್ಕಿಂತ ಖುಷಿ ಕೊಟ್ಟ ಭಾಗಕ್ಕೆ ಬರುತ್ತೇನೆ. ಸ್ವಲ್ಪ ಲೆಕ್ಕ ಉಂಟು, ಸಹಿಸಿಕೊಳ್ಳಿ.

ಹಾವು ತನ್ನ ಮೈ ಬಿಸಿಯನ್ನು ತಾನೇ ಉತ್ಪಾದಿಸುವುದಿಲ್ಲ. ತಿಂದದ್ದು ಅರಗಬೇಕಾದರೆ ಬಿಸಿ ಜಾಗಕ್ಕೆ ಹೋಗಬೇಕು, ಸಾಕು ಅನಿಸಿದರೆ ತಂಪಿಗೆ ಬರಬೇಕು. ಹಾಗಾಗಿ ಪೆಟ್ಟಿಗೆಯ ಒಂದು ತುದಿ 32 ಡಿಗ್ರಿ, ಇನ್ನೊಂದು ತುದಿ 26ರ ಸುಮಾರು. ತೇವಾಂಶ ನೂರಕ್ಕೆ 60ರಿಂದ 70. ನಮ್ಮ ಪೆಟ್ಟಿಗೆಯ ಪ್ಲೈ ಮತ್ತು ಗಾಜಿನಿಂದ ಸೋರಿ ಹೋಗುವ ಶಾಖದ ಲೆಕ್ಕ ಹಾಕಿದೆ. ಒಳಗೆ ಹೊರಗಿಗಿಂತ ಒಂದು ಡಿಗ್ರಿ ಹೆಚ್ಚು ಇಡಲು ಸುಮಾರು 30 ವ್ಯಾಟ್ ಬೇಕು. ಡಿಸೆಂಬರಿನ ಬೆಂಗಳೂರಿನಲ್ಲಿ ಕೋಣೆ 20 ಡಿಗ್ರಿ ಇದ್ದರೆ, ಸರಾಸರಿ 27ಕ್ಕೆ ಏರಿಸಲು 210 ವ್ಯಾಟ್ ಹಗಲೂ ರಾತ್ರಿ ಉರಿಯಬೇಕು. ಅಷ್ಟು ಬಿಸಿ ಮಾಡಿದರೆ ಮೊದಲೇ ಒಣ ಇರುವ ಗಾಳಿ ಇನ್ನೂ ಒಣಗುತ್ತದೆ, ಅದಕ್ಕೆ ದಿನಾ ನೀರು ಚಿಮುಕಿಸಬೇಕು. ಅಕ್ಕ ಆರು ವರ್ಷ ಮಾಡಿದ್ದು ಇದನ್ನೇ. ಬಿಜೈಯಲ್ಲಿ? ಕೋಣೆಯೇ 26, 27 ಡಿಗ್ರಿ. ಒಂದು ಮೂಲೆ ಬಿಸಿ ಮಾಡಿದರೆ ಆಯಿತು.

ತೇವಾಂಶದ್ದು ಇನ್ನೂ ಚಂದ. ಜುಲೈ ತಿಂಗಳಲ್ಲಿ ನಮ್ಮಲ್ಲಿ 27 ಡಿಗ್ರಿ, ನೂರಕ್ಕೆ 88 ತೇವ ಅಂತ ಇಟ್ಟುಕೊಳ್ಳಿ. ಅದೇ ಗಾಳಿಯನ್ನು 32 ಡಿಗ್ರಿಗೆ ಬಿಸಿ ಮಾಡಿದರೆ, ಒಂದು ತೊಟ್ಟು ನೀರು ತೆಗೆಯದೆ, ಹಾಕದೆ, ತೇವಾಂಶ ತಾನಾಗಿಯೇ 66ಕ್ಕೆ ಇಳಿಯುತ್ತದೆ. ಬೋವಾಕ್ಕೆ ಬೇಕಾದದ್ದೇ ಅಷ್ಟು! ಯುರೋಪಿನವರು ಮಂಜು ಯಂತ್ರ, ಟೈಮರು ಅಂತ ಸಾವಿರಾರು ಖರ್ಚು ಮಾಡಿ ಪೆಟ್ಟಿಗೆಯೊಳಗೆ ತರುವ ಹವೆಯನ್ನು ಅರಬ್ಬೀ ಸಮುದ್ರ ನಮ್ಮ ಕಿಟಕಿಯವರೆಗೆ ಪುಕ್ಕಟೆ ತಂದು ಹಾಕುತ್ತದೆ. ಇಲ್ಲಿ ಉಳಿಯುವ ಚಿಂತೆ ಬೂಷ್ಟಿನದ್ದು ಮಾತ್ರ. ಗಾಳಿ ನಿಂತರೆ ಹಾವಿನ ಹೊಟ್ಟೆಯ ಪೊರೆ ಕೊಳೆಯುತ್ತದೆ, ಶ್ವಾಸಕೋಶಕ್ಕೆ ಸೋಂಕು ಬರುತ್ತದೆ. ತಂಪು ತುದಿಯಲ್ಲಿ ತಳದ ಹತ್ತಿರ, ಬಿಸಿ ತುದಿಯಲ್ಲಿ ಮಾಡಿನ ಹತ್ತಿರ ಗಾಳಿಕಂಡಿ ಇಟ್ಟೆವು. ಬಿಸಿ ಗಾಳಿ ಮೇಲಿಂದ ಹೋಗುತ್ತದೆ, ತಂಪು ಗಾಳಿ ಕೆಳಗಿಂದ ಬರುತ್ತದೆ, ಫ್ಯಾನು ಬೇಡ. ಕಂಡಿಗೆ ತಂತಿಯ ಬಲೆ ಹಾಕಲಿಲ್ಲ. ಹಾವು ಮೂಗು ಉಜ್ಜಿ ಉಜ್ಜಿ ಗಾಯ ಮಾಡಿಕೊಳ್ಳುತ್ತದೆ. ತೂತು ಕೊರೆದ ನುಣುಪು ಅಲ್ಯೂಮಿನಿಯಂ ತಗಡು ಹಾಕಿದೆವು.

ಈ ಲೆಕ್ಕ ಮಾಡುವಾಗ ನೆನಪಾದದ್ದು ಕಾಳಿಂಗ ಸರ್ಪ. ಮಂಗಳೂರಿನ ಮಕ್ಕಳೆಲ್ಲ ಶಾಲೆಯಿಂದ ಪಿಲಿಕುಳಕ್ಕೆ ಹೋಗಿ ಅದನ್ನು ನೋಡಿದವರೇ, ಅಲ್ಲಿ ಅದರ ಸಂತಾನಾಭಿವೃದ್ಧಿ ಕೇಂದ್ರವೇ ಉಂಟು. ಹಾವುಗಳಲ್ಲಿ ಗೂಡು ಕಟ್ಟುವುದು ಅದೊಂದೇ. ಆಗುಂಬೆಯಲ್ಲಿ ರೋಮುಲಸ್ ವಿಟೇಕರ್ 2005ರಲ್ಲಿ ಮಳೆಕಾಡು ಸಂಶೋಧನಾ ಕೇಂದ್ರ ಸುರು ಮಾಡಿದ ಮೇಲೆ ಈ ಗೂಡುಗಳ ಬಗ್ಗೆ ನಮಗೆ ಬಹಳಷ್ಟು ತಿಳಿಯಿತು. ಕೈಕಾಲಿಲ್ಲದ ತಾಯಿ ತನ್ನ ಸುರುಳಿಯಿಂದಲೇ ತರಗೆಲೆ ಎಳೆದು ರಾಶಿ ಮಾಡುತ್ತಾಳೆ. ಹೊರಗೆ ಆಗುಂಬೆಯ ಮಳೆ, ಒಳಗೆ ಮೊಟ್ಟೆ ಕೊಳೆಯದ ಹಾಗೆ ಬೆಚ್ಚಗೆ. ಸೆನ್ಸರ್ ಇಲ್ಲ, ಥರ್ಮೋಸ್ಟಾಟ್ ಇಲ್ಲ. ನಾನು ಬಿ.ಇ. ಮಾಡಿ ಇಷ್ಟು ಪರದಾಡಿದೆ.

ಹೀಟರು ಸೆರಾಮಿಕ್‌ನದ್ದು, ಬೆಳಕು ಬರದೆ ಬರೀ ಬಿಸಿ ಕೊಡುವಂಥದು, ಸುತ್ತಲೂ ಲೋಹದ ಪಂಜರ. ಕೆಳಗಿನಿಂದ ಬಿಸಿ ಮಾಡುವ ಕಲ್ಲುಗಳು ಮಾರಾಟಕ್ಕೆ ಸಿಗುತ್ತವೆ, ಬೇಡವೇ ಬೇಡ. ಹಾವು ಅದರ ಮೇಲೆ ಹೊಟ್ಟೆ ಸುಟ್ಟರೂ ಏಳದೆ ಮಲಗಿಬಿಡುತ್ತದೆ. ಹೀಟರಿನ ಕೆಳಗೆ ಹಾಸಿದ್ದು ನಮ್ಮದೇ ಮಾಡಿನಿಂದ ಇಳಿಸಿದ ಹಳೆಯ ಮಂಗಳೂರು ಹೆಂಚುಗಳನ್ನು. ಬಾಸೆಲ್ ಮಿಶನ್‌ನವರು 1865ರಲ್ಲಿ ಇಲ್ಲಿ ಹೆಂಚಿನ ಕಾರ್ಖಾನೆ ಹಾಕಿದಾಗ ಈ ಉಪಯೋಗ ಖಂಡಿತ ಯೋಚಿಸಿರಲಿಕ್ಕಿಲ್ಲ. ಕರೆಂಟು ಹೋದರೂ ಹೆಂಚು ಸುಮಾರು ಹೊತ್ತು ಬೆಚ್ಚಗಿರುತ್ತದೆ, ಮೇಲ್ಮೈ ಒರಟು ಇರುವುದರಿಂದ ಪೊರೆ ಬಿಡುವಾಗ ಉಜ್ಜಲಿಕ್ಕೂ ಆಗುತ್ತದೆ.

ಹೀಟರ್ ನಿಯಂತ್ರಿಸುವ ಸರ್ಕ್ಯೂಟೂ, ಪ್ರೋಗ್ರಾಮೂ ನನ್ನದೇ. ನಾಲ್ಕು ಸೆನ್ಸರ್, ಹತ್ತು ಸೆಕೆಂಡಿಗೊಮ್ಮೆ ದಾಖಲೆ, ಹೆಚ್ಚುಕಡಿಮೆ ಆದರೆ ಫೋನಿಗೆ ಸಂದೇಶ. ಆದರೆ ಒಂದು ಮಾತು. ಸಾಫ್ಟ್‌ವೇರ್ ಬರೆದು ಹೊಟ್ಟೆ ಹೊರೆಯುವವನಿಗೆ ಸಾಫ್ಟ್‌ವೇರ್ ಮೇಲೆ ಎಷ್ಟು ನಂಬಿಕೆ ಇಡಬೇಕು ಅಂತ ಚೆನ್ನಾಗಿ ಗೊತ್ತಿರುತ್ತದೆ. ಹೀಟರು ಹತ್ತದೇ ಇದ್ದರೆ ಬಿಜೈಯಲ್ಲಿ ದೊಡ್ಡ ಅಪಾಯ ಇಲ್ಲ, ಎರಡು ದಿನ ಹಾವು ಸುಮ್ಮನಿರುತ್ತದೆ. ಆರದೇ ಇದ್ದರೆ? ರಿಲೇಯ ಒಳಗಿನ ಲೋಹದ ತುದಿಗಳು ಬೆಸೆದುಕೊಂಡರೆ ಪ್ರೋಗ್ರಾಮು ಏನೇ ಹೇಳಲಿ, ಹೀಟರು ಉರಿಯುತ್ತಲೇ ಇರುತ್ತದೆ. ಹಾವಿಗೆ ಓಡಿಹೋಗಲು ಜಾಗ ಇಲ್ಲ, ಬೀಗ ಹಾಕಿದವರು ನಾವೇ. ಹಾಗಾಗಿ ಅದೇ ತಂತಿಯಲ್ಲಿ, ಇಸ್ತ್ರಿಪೆಟ್ಟಿಗೆಯಲ್ಲಿ ಇರುತ್ತದಲ್ಲ, ಬಿಸಿಗೆ ಬಗ್ಗಿ ಸಂಪರ್ಕ ಕಡಿಯುವ ಎರಡು ಲೋಹದ ಪಟ್ಟಿ, ಅಂಥದ್ದೊಂದನ್ನು ಹಾಕಿದೆ. ಅದಕ್ಕೆ ವೈಫೈ ಬೇಡ, ಅಪ್‌ಡೇಟ್ ಬೇಡ.

ಬೀಗ ಅಂದೆನಲ್ಲ, ನನ್ನ ನಿದ್ದೆ ಕೆಡಿಸಿದ್ದು ಅದೇ. ಬೆಂಗಳೂರಿನಲ್ಲಿ ಹಾವು ತಪ್ಪಿಸಿಕೊಂಡರೆ ಚಳಿಗಾಲದಲ್ಲಿ ಹಾವಿಗೇ ಕಷ್ಟ. ಇಲ್ಲಿ ಹಾಗಲ್ಲ. ಪೆಟ್ಟಿಗೆ ಕಟ್ಟುವ ಕೆಲಸ ಹಗುರ ಮಾಡಿದ ಹವೆಯೇ ಇಲ್ಲಿ ಅಪಾಯ. ಬಿಸಿ, ತೇವ, ತೋಟ, ತೋಡು, ಬೇಕಾದಷ್ಟು ಇಲಿ. ಬೋವಾಕ್ಕೆ ಇನ್ನೇನು ಬೇಕು! ಕೆರಿಬಿಯನ್ ಸಮುದ್ರದ ಅರುಬಾ ದ್ವೀಪದಲ್ಲಿ 1999ರಲ್ಲಿ ಮೊದಲ ಬೋವಾ ಕಂಡಿತು, ಕೆಲವೇ ವರ್ಷಗಳಲ್ಲಿ ಅದು ದ್ವೀಪವೆಲ್ಲ ಹಬ್ಬಿ ಅಲ್ಲಿನ ಹಕ್ಕಿಗಳಿಗೆ ಮೃತ್ಯುವಾಯಿತು. ಫ್ಲೋರಿಡಾದ ಜೌಗಿನಲ್ಲಿ ಬರ್ಮಾ ಹೆಬ್ಬಾವಿನ ಕಥೆ ನೀವು ಓದಿರಬಹುದು. ನಮ್ಮಲ್ಲಿ ಇನ್ನೊಂದು ತೊಡಕು ಉಂಟು. ಕಾಪಿಕಾಡಿನ ಯಾರದೋ ಹಿತ್ತಿಲಲ್ಲಿ ಬೋವಾ ಕಂಡರೆ ಜನ 'ಹೆಬ್ಬಾವು' ಅಂತಲೇ ಫೋನ್ ಮಾಡುತ್ತಾರೆ. ಗಮನಿಸದೆ ಹಿಡಿದವರು ಒಳ್ಳೆಯ ಮನಸ್ಸಿನಿಂದಲೇ ಅದನ್ನು ಘಟ್ಟದ ಕಾಡಿಗೆ ಬಿಟ್ಟು ಬಂದರೆ? ಹೊಟ್ಟೆಯಲ್ಲಿ ಮರಿ ಇರುವ ಒಂದೇ ಹೆಣ್ಣು ಸಾಕು. ಈ ಯೋಚನೆ ಬಂದ ದಿನವೇ 8 ಮಿ.ಮೀ. ಗಟ್ಟಿ ಗಾಜಿಗೆ ಎರಡು ಬೀಗ, ಕೋಣೆಯ ಬಾಗಿಲ ಕೆಳಗಿನ ಸಂದಿಗೆ ಹಲಗೆ, ಕಿಟಕಿಗೆ ತಗಡು ಅಂತ ಪಟ್ಟಿ ಬೆಳೆಯಿತು. ಪೆಟ್ಟಿಗೆ ದಾಟಿದರೂ ಕೋಣೆ ದಾಟಬಾರದು.

ಅಮ್ಮನ ಪಾಲೂ ಹೇಳಬೇಕು. "ಇರುವೆಗೆ ಎಂತ ಮಾಡ್ತಿ?" ಅಂತ ಕೇಳಿದ್ದು ಅವರೇ. ತಿಂಡಿಯ ಕಪಾಟಿನ ಕಾಲುಗಳನ್ನು ನೀರಿನ ಕಲ್ಲುಬಟ್ಟಲಲ್ಲಿ ಇಡುತ್ತಿದ್ದದ್ದು ನೆನಪುಂಟಲ್ಲ? ನಮ್ಮ ಅಟ್ಟದಲ್ಲಿ ಅಂಥ ಆರು ಬಟ್ಟಲುಗಳಿದ್ದವು. ಪೆಟ್ಟಿಗೆಯ ಆರು ಕಾಲುಗಳು ಈಗ ಅದರಲ್ಲಿ ನಿಂತಿವೆ. ಬಟ್ಟಲಿನ ಅಡಿಗೆ ನಾನು ದಪ್ಪ ರಬ್ಬರು ಹಾಕಿದೆ. ಕೆ.ಎಸ್.ಆರ್.ಟಿ.ಸಿ. ಬಸ್‌ಸ್ಟ್ಯಾಂಡಿಗೆ ಹೋಗಿಬರುವ ಬಸ್ಸುಗಳ ನಡುಕ ನಮ್ಮ ನೆಲದವರೆಗೂ ಬರುತ್ತದೆ, ನಮಗೆ ತಿಳಿಯದಿದ್ದರೂ ಹಾವಿಗೆ ತಿಳಿಯುತ್ತದೆ. ಊಟದ ವಿಷಯದಲ್ಲಿ ಮಾತ್ರ ಅಮ್ಮ ಖಡಾಖಂಡಿತ. ಹಾವಿಗೆ ಕೊಡುವುದು ಮಂಜುಗಟ್ಟಿಸಿದ ಇಲಿ, ಹೆಣ್ಣಿಗೆ ಮೂರು ನಾಲ್ಕು ವಾರಕ್ಕೊಂದು. ಅದು ಬಂಗುಡೆಯ ಪಕ್ಕದಲ್ಲಿ ಇರಕೂಡದು. ಹಾವಿಗೆ ಬೇರೆ ಫ್ರಿಜ್ಜು ಬಂತು :(

2025ರ ಜನವರಿಯ ಒಂದು ರಾತ್ರಿ, ಬಟ್ಟೆಯ ಚೀಲ, ಚೀಲದ ಹೊರಗೆ ತೂತಿನ ಪೆಟ್ಟಿಗೆ, ಹೀಗೆ ಶಿರಾಡಿ ಘಾಟಿ ಇಳಿದು ಹಾವುಗಳು ಬಂದವು. ಹೆಣ್ಣು ಎರಡು ವಾರ ಗೂಡಿನಿಂದ ತಲೆ ಹೊರಗೆ ಹಾಕಲಿಲ್ಲ. ದೊಡ್ಡ ಜಾಗಕ್ಕೆ ಹಾವು ಹೆದರುತ್ತದೆ ಅನ್ನುವವರ ಮಾತು ನಿಜವೋ ಏನೋ ಅಂತ ನಾನೂ ಯೋಚನೆಗೆ ಬಿದ್ದೆ. ಆದರೆ ಅದು ಜಾಗಕ್ಕೆ ಹೆದರುವುದಲ್ಲ, ಮರೆ ಇಲ್ಲದ್ದಕ್ಕೆ. ಒಣ ಹಲಸಿನ ಎಲೆ ರಾಶಿ ಹಾಕಿ, ಹೆಂಚುಗಳನ್ನು ಒಂದಕ್ಕೊಂದು ಒರಗಿಸಿ ಈ ತುದಿಯಿಂದ ಆ ತುದಿಗೆ ಅಡಗಿಕೊಂಡೇ ಹೋಗುವ ದಾರಿ ಮಾಡಿಕೊಟ್ಟೆ. ಮೂರನೇ ರಾತ್ರಿಗೆ ದಾಖಲೆಯಲ್ಲಿ ತಂಪು ತುದಿಯ ಸೆನ್ಸರು ಅಲುಗಿದ್ದು ಕಂಡಿತು.

ಮೇ ತಿಂಗಳು ನಿಜವಾದ ಪರೀಕ್ಷೆ. ಹೀಟರು ಮಾರ್ಚ್‌ನಲ್ಲೇ ಬಂದ್. ಈಗ ಬೇಕಾದದ್ದು ತಂಪು, ಅದನ್ನು ತಯಾರಿಸುವುದು ಬಿಸಿಯಷ್ಟು ಸುಲಭ ಅಲ್ಲ. ಹಳೆಯ ಹೆಂಚಿನ ಮನೆ, ಮಾಡಿನ ಕೆಳಗೆ ಮರದ ಮುಚ್ಚಿಗೆ, ಕಾವಿ ನೆಲ ಇದ್ದದ್ದಕ್ಕೆ ಬಚಾವು. ಕಾಂಕ್ರೀಟಿನ ಮಹಡಿಯಲ್ಲಾಗಿದ್ದರೆ ಎ.ಸಿ. ಇಲ್ಲದೆ ಆಗುತ್ತಿರಲಿಲ್ಲ. ಮಧ್ಯಾಹ್ನ ಪೆಟ್ಟಿಗೆಯ ಹಿಂಬದಿಗೆ ಒದ್ದೆ ಗೋಣಿ ತೂಗಿ, ಇನ್ವರ್ಟರಿನಿಂದ ಫ್ಯಾನು ಬಿಟ್ಟು, ತಂಪು ತುದಿ 32 ದಾಟದ ಹಾಗೆ ನೋಡಿಕೊಂಡೆವು. ಹಾವು ದಿನವಿಡೀ ನೀರಿನ ಟಬ್ಬಿನಲ್ಲಿ. ಪುಣ್ಯಕ್ಕೆ ಜೂನ್ 1ಕ್ಕೆ ಕೇರಳಕ್ಕೆ ಬರಬೇಕಾದ ಮುಂಗಾರು ಆ ವರ್ಷ ಮೇ 24ಕ್ಕೇ ಬಂತು, ಬೆನ್ನಿಗೇ ನಮಗೂ.

ಜುಲೈ 29ಕ್ಕೆ ನಾಗರ ಪಂಚಮಿ. ಅಮ್ಮ ಪ್ರತಿವರ್ಷದಂತೆ ಮೂಲದ ನಾಗಬನಕ್ಕೆ ಹೋಗಿ ಹಾಲು, ಸೀಯಾಳ ಕೊಟ್ಟು ತನು ಎರೆಸಿ ಬಂದರು. ನಾನೂ ಜತೆಗಿದ್ದೆ. ಚಿಕ್ಕಂದಿನಲ್ಲಿ ಅದು ನಿಜವಾಗಿ ಬನವೇ ಆಗಿತ್ತು, ಬಳ್ಳಿ ಸುತ್ತಿದ ಮರಗಳು, ಮೊಣಕಾಲವರೆಗೆ ತರಗೆಲೆ, ಹಗಲಲ್ಲೂ ತಂಪು. ಈಗ ಸುತ್ತ ಗೋಡೆ, ನೆಲಕ್ಕೆ ಇಂಟರ್‌ಲಾಕ್, ಕಟ್ಟೆಗೆ ಹೊಳೆಯುವ ಗ್ರಾನೈಟು. ಜಿಲ್ಲೆಯಲ್ಲಿ ಹೀಗಾದ ಬನಗಳು ಎಷ್ಟೋ. ಪೆಟ್ಟಿಗೆಯ ಲೆಕ್ಕ ಮಾಡಿ ಮಾಡಿ ನನ್ನ ತಲೆ ಹಾಳಾಗಿರಬೇಕು, ಕೈ ಮುಗಿದು ನಿಂತಾಗಲೂ ಇಲ್ಲಿ ಮರೆ ಎಲ್ಲಿ, ತೇವ ಎಲ್ಲಿ, ಮಧ್ಯಾಹ್ನ ಈ ಕಲ್ಲು ಎಷ್ಟು ಡಿಗ್ರಿ ಆಗಬಹುದು ಅಂತಲೇ ಯೋಚನೆ. ಅಮ್ಮನಿಗೆ ಹೇಳಿದೆ. "ಅದನ್ನು ಆಡಳಿತದವರ ಹತ್ತಿರ ಹೇಳು, ನನ್ನ ಹತ್ತಿರ ಅಲ್ಲ" ಅಂದರು. ಹೇಳಿದ್ದೇನೆ. ಗೋಡೆಯ ಹೊರಗೆ ನಾಲ್ಕು ಗಿಡ ನೆಡುವ ಮಾತಾಗಿದೆ, ನೋಡಬೇಕು.

ಆ ರಾತ್ರಿ ಅರಸಿನ ಎಲೆಯ ಗಟ್ಟಿ ತಿಂದು ಮಲಗುವ ಹೊತ್ತಿಗೆ ಅಮ್ಮ ಹೊರಕೋಣೆಯಿಂದ ಕರೆದರು. ಹೆಣ್ಣು ಹೊರಗೆ ಬಂದಿತ್ತು. ಬಿಸಿ ಹೆಂಚಿನ ಮೇಲೆ ಬಾಲ, ಗಾಜಿನ ಉದ್ದಕ್ಕೂ ಮೈ, ನೀರಿನ ಟಬ್ಬಿನ ಪಕ್ಕ ತಲೆ. ದಾರ ಹಿಡಿದು ಎಳೆದ ಹಾಗೆ ನೆಟ್ಟಗೆ. ಅಮ್ಮ ಗಾಜಿನ ಮೇಲೆ ಗೇಣು ಹಾಕುತ್ತಾ ಅಳೆಯುತ್ತಿದ್ದರು.

"ಇನ್ನೂ ಒಂದಡಿ ಉಂಟು" ಅಂದರು. "ಇನ್ನೂ ಬೆಳೀತದಾ ಇದು?"

"ಸ್ವಲ್ಪ ಬೆಳೆದರೂ ಬೆಳೆಯಬಹುದು."

"ಆಚಾರ್ರಿಗೆ ಒಂದು ಮಾತು ಹೇಳಿಟ್ಟಿರು."